ಆ ಕೆಂಪು ಚುಕ್ಕೆಯ ವಿಷಯ

ಪ್ರಿಯ ಗೆಳೆಯಾ,

ನೀನು ಕಳಿಸಿದ ಎರಡೂ ಫೋಟೋ ನೋಡಿದೆ. ಎರಡೂ ಅಮೆರಿಕದ ಯುದ್ಧವಿಮಾನ, ಎರಡರಲ್ಲೂ ಬಿಳಿ ನಕ್ಷತ್ರ. ಒಂದರ ನಡುವೆ ಕೆಂಪು ಚುಕ್ಕೆ ಇದೆ, ಇನ್ನೊಂದರಲ್ಲಿ ಇಲ್ಲ. ಪೇಂಟ್ ಉದುರಿದೆಯಾ ಅಂತ ಕೇಳಿದ್ದೀಯ. ಇಲ್ಲ ಮಾರಾಯ, ಬೇಕಂತಲೇ ತೆಗೆದದ್ದು.

ಜಪಾನಿನ ವಿಮಾನಗಳ ಗುರುತು ದುಂಡನೆಯ ಕೆಂಪು ಸೂರ್ಯ. ಎರಡನೇ ಮಹಾಯುದ್ಧದ ಗಡಿಬಿಡಿಯಲ್ಲಿ ಆಕಾಶದಲ್ಲಿ ಒಂದಿಷ್ಟು ಕೆಂಪು ಕಂಡರೆ, ಬಂದೂಕು ಹಿಡಿದವನು ಸುತ್ತ ನಕ್ಷತ್ರ ಇದೆಯಾ ಅಂತ ಹುಡುಕುತ್ತಾ ಕೂರುತ್ತಾನಾ? ಅದಕ್ಕೇ 1942ರ ಮೇ ತಿಂಗಳಲ್ಲಿ ಚುಕ್ಕೆ ತೆಗೆಸಿದರು. 1943ರ ಜೂನ್‌ನಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ ಬಂತು, ಸುತ್ತಲೂ ಕೆಂಪು ಅಂಚು. ಮತ್ತೆ ಅದೇ ಕೆಂಪು! ಕೆಲವೇ ತಿಂಗಳಲ್ಲಿ ಅಂಚು ನೀಲಿಯಾಯಿತು. ಪಟ್ಟಿಯ ನಡುವೆ ಕೆಂಪು ಗೆರೆ ಬಂದದ್ದು 1947ರಲ್ಲಿ, ಯುದ್ಧ ಮುಗಿದ ಮೇಲೆ. ಹಾಗಾಗಿ ಕೆಂಪು ಅಂಚಿನ ಪಟ್ಟಿ ಕಂಡರೆ, ಆ ಬಣ್ಣ ಯಾವ ತಿಂಗಳುಗಳದ್ದು ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು. ನಮ್ಮಂಥವರಿಗೆ ಹುಚ್ಚು ಹಿಡಿಯುವುದು ಇಲ್ಲೇ.

ಬ್ರಿಟಿಷರದ್ದೂ ಇದೇ ಕಥೆ. 1914ರಲ್ಲಿ ಮೊದಲು ತಮ್ಮ ಬಾವುಟವನ್ನೇ ವಿಮಾನಕ್ಕೆ ಬಳಿದಿದ್ದರು. ದೂರದಿಂದ ಅದರೊಳಗಿನ ಶಿಲುಬೆ ಮಾತ್ರ ಎದ್ದು ಕಂಡು, ಜರ್ಮನ್ ಶಿಲುಬೆ ಅಂತ ತಪ್ಪು ತಿಳಿಯುವಂತಾಯಿತು. ಕೊನೆಗೆ ಫ್ರೆಂಚರ ದುಂಡು ಗುರುತನ್ನೇ ಎತ್ತಿಕೊಂಡು ಬಣ್ಣ ಅದಲುಬದಲು ಮಾಡಿದರು. ಫ್ರೆಂಚರಿಗೆ ನಡುವೆ ನೀಲಿ, ಹೊರಗೆ ಕೆಂಪು. ಇವರಿಗೆ ನಡುವೆ ಕೆಂಪು, ಹೊರಗೆ ನೀಲಿ. ಮುಂದೆ ಜಪಾನ್ ಎದುರು ನಿಂತಾಗ ಆ ನಡುವಿನ ಕೆಂಪನ್ನೂ ಬಿಡಬೇಕಾಯಿತು.

1944ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ದಾಳಿ ಇಟ್ಟಾಗ, ನಮ್ಮವೇ ಅಂತ ಗುರುತು ಸಿಗಲಿ ಎಂದು ವಿಮಾನಗಳಿಗೆ ಬಳಿದ ಕಪ್ಪು ಬಿಳಿ ಪಟ್ಟಿಗಳು ನನಗೆ ಜಾಸ್ತಿ ಇಷ್ಟ. ಮೂರು ಬಿಳಿ, ಎರಡು ಕಪ್ಪು. ಗುಟ್ಟು ಬಯಲಾಗಬಾರದೆಂದು ದಾಳಿಗೆ ಸ್ವಲ್ಪ ಮುಂಚೆ ಅವಸರದಲ್ಲಿ ಬಳಿದದ್ದು. ಅದಕ್ಕೇ ಎಷ್ಟೋ ಫೋಟೋಗಳಲ್ಲಿ ಅಂಚು ಸೊಟ್ಟ. ಮ್ಯೂಸಿಯಂ ವಿಮಾನದಲ್ಲಿ ಆ ಪಟ್ಟಿ ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗಿದ್ದರೆ ನನಗಂತೂ ಮನಸ್ಸಿಗೆ ಬರುವುದಿಲ್ಲ. ಅಂದಹಾಗೆ, ಮ್ಯೂಸಿಯಂ ಬಣ್ಣವನ್ನು ಸಾಕ್ಷಿ ಅಂತ ನಂಬಬೇಡ. ಎಷ್ಟೋ ಸಲ ಬೇರೆ ಯಾವುದೋ ಹೆಸರಾದ ವಿಮಾನದ ಗುರುತನ್ನು ಇದಕ್ಕೆ ತೊಡಿಸಿರುತ್ತಾರೆ.

ಆಮೇಲೆ ಕಾಲ ಬದಲಾಯಿತು. ನಮ್ಮವರೇ ಹೊಡೆದಾರು ಅನ್ನುವ ಭಯಕ್ಕಿಂತ ಶತ್ರುವಿನ ಕಣ್ಣಿಗೆ ಬಿದ್ದೇವು ಅನ್ನುವ ಭಯ ದೊಡ್ಡದಾಯಿತು. ಈಗ ಅಮೆರಿಕದ ಫೈಟರ್‌ಗಳಲ್ಲಿ ಬೂದು ಮೈಮೇಲೆ ಬೂದು ನಕ್ಷತ್ರ. ಬ್ರಿಟಿಷರ ಕೆಂಪು ನೀಲಿ ಮಾಸಿ ತಿಳಿಗುಲಾಬಿ, ತಿಳಿನೀಲಿ ಆಗಿದೆ. ನೋಡಲು ಸಪ್ಪೆ ಅಲ್ವಾ? ಆದರೆ ಹುಡುಕುವ ಕೆಲಸ ಇನ್ನೂ ಮಜಾ.

ಇನ್ನು ನಂಬರ್. ಬಾಲದ ಮೇಲಿನ ದೊಡ್ಡ ಅಕ್ಷರ ನೋಡಿ ಇದೇ ವಿಮಾನ ಅನ್ನಬೇಡ. ಅಮೆರಿಕದ ವಾಯುಪಡೆಯಲ್ಲಿ ಆ ಎರಡಕ್ಷರ ಘಟಕದ್ದೋ ನೆಲೆಯದ್ದೋ ಆಗಿರುತ್ತದೆ, ವಿಮಾನ ವರ್ಗವಾದರೆ ಅದೂ ಬದಲಾಗುತ್ತದೆ. ಸೀರಿಯಲ್ ನಂಬರ್ ಸಾಮಾನ್ಯವಾಗಿ ಕೊನೆತನಕ ಜೊತೆಗಿರುತ್ತದೆ. ಅದರ ಮೊದಲ ಎರಡು ಅಂಕಿ ವಿಮಾನಕ್ಕೆ ಆರ್ಡರ್ ಕೊಟ್ಟ ಹಣಕಾಸು ವರ್ಷ.

ಮುಂದಿನ ಸಲ ರೆಕ್ಕೆ ಪೂರ್ತಿ ಕಾಣುವ ಫೋಟೋ ಕಳಿಸು. 1941ರಿಂದ ಅಮೆರಿಕದವರು ನಕ್ಷತ್ರವನ್ನು ಸಾಮಾನ್ಯವಾಗಿ ಎಡರೆಕ್ಕೆಯ ಮೇಲೆ, ಬಲರೆಕ್ಕೆಯ ಕೆಳಗೆ ಹಾಕುತ್ತಾ ಬಂದಿದ್ದಾರೆ. ಮೇಲಿನಿಂದ ತೆಗೆದ ಫೋಟೋದಲ್ಲಿ ನಕ್ಷತ್ರ ಬಲರೆಕ್ಕೆಯಲ್ಲಿ ಮಾತ್ರ ಕಂಡರೆ ಮೊದಲು ಪ್ರಿಂಟ್ ಉಲ್ಟಾ ಆಗಿದೆಯಾ ಅಂತ ನೋಡು.

ನಿನ್ನ
ಗೆಳೆಯ