ಆರ್ಕ್ಟಿಕ್ ಸಂಶೋಧನೆಯ ಹಣ ಅಲ್ಲಿನ ಊರುಗಳನ್ನೂ ತಲುಪಲಿ: ಭೂ ವಿಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಭೂ ವಿಜ್ಞಾನ ಸಚಿವರೇ,

2008ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನೀ-ಓಲೆಸುಂಡ್‌ನಲ್ಲಿ ಭಾರತದ ಆರ್ಕ್ಟಿಕ್ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ಆರಂಭವಾದಾಗಿನಿಂದ ನಮ್ಮ ವಿಜ್ಞಾನಿಗಳು ಅಲ್ಲಿನ ಹಿಮನದಿ, ಗಾಳಿ, ಕಡಲು, ಸೂಕ್ಷ್ಮಜೀವಿಗಳನ್ನು ಶ್ರದ್ಧೆಯಿಂದ ಅಭ್ಯಸಿಸುತ್ತ ಬಂದಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪಾಲೂ ಇತ್ತೆಂಬುದು ನಮಗೆ ಹೆಮ್ಮೆ. ಆದರೆ ನೀ-ಓಲೆಸುಂಡ್ ಸಂಶೋಧಕರ ನೆಲೆ. ತಲೆಮಾರುಗಳಿಂದ ಬಾಳಿದ ಮೂಲನಿವಾಸಿಗಳು ಅಲ್ಲಿಲ್ಲ. ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯ ಇನುಯಿಟ್, ಉತ್ತರ ಯುರೋಪಿನ ಸಾಮಿ ಮೂಲನಿವಾಸಿಗಳ ಊರುಗಳಿಗೆ ನಮ್ಮ ವಿಶ್ವವಿದ್ಯಾಲಯಗಳು ಹೋಗಬೇಕಾದರೆ ಹಣದ ದಾರಿಯನ್ನು ನೀವೇ ತೆರೆಯಬೇಕು.

ಹಾಗೆ ಹೋದರೆ ಏನಾಗಬಹುದು ಎಂಬುದಕ್ಕೆ ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೈನ್ ಊರನ್ನು ನೋಡಿ. ಅಲ್ಲಿನ ಇನುಯಿಟ್ ಜನರಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕಡಲೇ ಹೆದ್ದಾರಿ. ಬೇಟೆ, ಮೀನು, ಸೌದೆ ಎಲ್ಲಕ್ಕೂ ಅದರ ಮೇಲೆಯೇ ಓಡಾಟ. 2009–10ರ ಚಳಿಗಾಲ ವಿಪರೀತ ಬೆಚ್ಚಗಾಗಿ, ಹಿರಿಯರು ಕಲಿಸಿದ ಗುರುತುಗಳು ನಂಬಿಕೆಗೆ ನಿಲ್ಲದಾದವು. ನಡೆಯುತ್ತಿದ್ದವರ ಕಾಲಡಿಯಲ್ಲೇ ಮಂಜುಗಡ್ಡೆ ಒಡೆಯಿತು. ಮೆಮೋರಿಯಲ್ ವಿಶ್ವವಿದ್ಯಾಲಯ ಆ ಊರಿನವರ ಜೊತೆ ಸೇರಿ ಕಟ್ಟಿದ್ದು ‘ಸ್ಮಾರ್ಟ್‌ಐಸ್’. ಸ್ನೋಮೊಬೈಲ್ ಎಳೆಯುವ ಜಾರುಬಂಡಿಯಲ್ಲಿ ಸಂವೇದಕವನ್ನು ಇಟ್ಟುಕೊಂಡು ಸ್ಥಳೀಯರೇ ಮಂಜುಗಡ್ಡೆಯ ದಪ್ಪವನ್ನು ಅಳೆಯುತ್ತಾರೆ, ಆ ಕೆಲಸಕ್ಕೆ ತರಬೇತಿಯನ್ನೂ ಸಂಬಳವನ್ನೂ ಪಡೆಯುತ್ತಾರೆ. ಬೇಟೆಗೆ ಹೊರಡುವವನಿಗೆ ಆ ಮಾಹಿತಿ ಬೆಳಿಗ್ಗೆಯೇ ಬೇಕು. ಎರಡು ವರ್ಷಗಳ ನಂತರ ಅಚ್ಚಾಗುವ ಪ್ರಬಂಧ ಅವನ ಪ್ರಾಣ ಉಳಿಸುವುದಿಲ್ಲ.

ಕೆನಡಾದ ಇನುಯಿಟ್ ಸಂಘಟನೆ 2018ರಲ್ಲಿ ತನ್ನದೇ ಸಂಶೋಧನಾ ಕಾರ್ಯನೀತಿಯನ್ನು ಪ್ರಕಟಿಸಿತು. ಯಾವ ಪ್ರಶ್ನೆ ಕೇಳಬೇಕು, ಹಣ ಎಲ್ಲಿಗೆ ಹೋಗಬೇಕು, ದತ್ತಾಂಶ ಯಾರ ಬಳಿ ಇರಬೇಕು ಎಂಬ ತೀರ್ಮಾನದಲ್ಲಿ ತಮಗೂ ಅಧಿಕಾರವಿರಬೇಕು ಎಂಬುದು ಅವರ ಬೇಡಿಕೆ. ಇದು ಪೂರ್ತಿ ನ್ಯಾಯವಾದದ್ದು. ನಾವೂ ಹೊರಗಿನವರ ಅಳತೆಪಟ್ಟಿಗೆ ಒಳಗಾಗಿದ್ದ ದೇಶದವರೇ ಅಲ್ಲವೇ?

ಲಾಭ ನಮಗೂ ಇದೆ. ಚಳಿಗಾಲದಲ್ಲಿ ಮಳೆ ಬಿದ್ದು ಹಿಮದ ಮೇಲೆ ಗಟ್ಟಿ ಪದರ ಕಟ್ಟಿದರೆ ಸಾಮಿ ಜನರ ಹಿಮಸಾರಂಗಗಳಿಗೆ ಕೆಳಗಿನ ಮೇವು ಎಟಕುವುದಿಲ್ಲ. ಲಡಾಖ್‌ನ ಚಾಂಗ್‌ಪಾಗಳ ಪಶ್ಮಿನಾ ಆಡುಗಳಿಗೂ ಹುಲ್ಲುಗಾವಲನ್ನು ಮುಚ್ಚುವ ಹಿಮವೇ ಶತ್ರು. ಈ ಎರಡು ಸಮುದಾಯಗಳನ್ನು ಒಂದೇ ಯೋಜನೆಯಲ್ಲಿ ಕೂಡಿಸಿ, ಅವರ ಅನುಭವವನ್ನು ಪರಸ್ಪರ ಹಂಚಿಕೊಳ್ಳುವಂತೆ ಮಾಡುವ ಕೆಲಸ ವಿಶ್ವವಿದ್ಯಾಲಯಗಳದ್ದು. ಅದಕ್ಕೆ ಭೂಗೋಳ, ಮಾನವಶಾಸ್ತ್ರ, ಪಶುವೈದ್ಯ ವಿಭಾಗಗಳೂ ಬೇಕು.

ಧ್ರುವ ವಿಜ್ಞಾನವನ್ನೂ ಒಳಗೊಂಡ ‘ಪೃಥ್ವಿ’ ಯೋಜನೆಗೆ 2021–26ರ ಅವಧಿಗೆಂದು 4,797 ಕೋಟಿ ರೂಪಾಯಿ ಮಂಜೂರಾಗಿತ್ತು. ಅದರ ಮುಂದಿನ ಹಂತದಲ್ಲಿ ಇಂಥ ಯೋಜನೆಗಳಿಗೆಂದೇ ಒಂದು ಪಾಲನ್ನು ತೆಗೆದಿಡಿ. ಒಂದು ಬೇಸಿಗೆಯ ಪ್ರವಾಸಕ್ಕೆ ಕೊಡುವ ಅನುದಾನದಿಂದ ಯಾವ ಊರಿನ ವಿಶ್ವಾಸವೂ ಸಿಗದು, ಕನಿಷ್ಠ ಐದು ವರ್ಷಗಳ ಬೆಂಬಲ ಬೇಕು. ಪ್ರಸ್ತಾವ ಬರೆಯುವ ಮುನ್ನವೇ ಅಲ್ಲಿಗೆ ಹೋಗಿ ಜನರ ಒಪ್ಪಿಗೆ ಕೇಳುವ ಖರ್ಚು, ಸ್ಥಳೀಯ ಸಂಶೋಧಕರ ಸಂಬಳ, ಫಲಿತಾಂಶವನ್ನು ಅವರ ಭಾಷೆಯಲ್ಲಿ ಮರಳಿಸುವ ವೆಚ್ಚ ಬಜೆಟ್‌ನಲ್ಲೇ ಇರಲಿ. ಮುಂದಿನ ಪ್ರಸ್ತಾವಗಳನ್ನು ಆಹ್ವಾನಿಸುವಾಗ ಈ ಷರತ್ತುಗಳನ್ನು ಸೇರಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇಂತಿ,
ಧಾರವಾಡದ ಒಬ್ಬ ಭೂಗೋಳ ಅಧ್ಯಾಪಕಿ