ಪುಟ್ಟಿ, ಕರಿಯ ಮತ್ತು ನಿನ್ನ ಹಳೇ ಚಿಮಣಿ

ಲೀಡ್ಸ್
ಅಕ್ಟೋಬರ್, ಭಾನುವಾರ ರಾತ್ರಿ

ಪ್ರೀತಿಯ ರಾಘು,

ಫೋಟೋಗಳು ಬಂದವು. ಮನೆ ಚೆನ್ನಾಗಿದೆ ಮಾರಾಯ. ನಾಟಿಂಗ್‌ಹ್ಯಾಮ್‌ನಲ್ಲಿ ಅಷ್ಟು ಎತ್ತರದ ಸೂರು, ಮುಂದಿನ ಕೋಣೆಯಲ್ಲಿ ಎರಕದ ಕಬ್ಬಿಣದ ಫೈರ್‌ಪ್ಲೇಸ್, ಎರಡೂ ಪಕ್ಕ ಹೂವಿನ ಟೈಲ್ಸ್! ಮೊದಲಿದ್ದವರು ಅದಕ್ಕೆ ಬಿಳಿ ಬಣ್ಣ ಯಾಕೆ ಬಳಿದರೋ ದೇವರೇ ಬಲ್ಲ. ಆದರೆ ನನ್ನ ಕಣ್ಣು ನಿಂತಿದ್ದು ಮೂರನೇ ಫೋಟೋದ ಮೇಲೆ. ಅದರಲ್ಲಿ ನಿನ್ನ ಬೆಕ್ಕು ಪುಟ್ಟಿಯ ಬಾಲ, ಹಿಂಗಾಲು ಮಾತ್ರ ಕಾಣುತ್ತಿವೆ. ಉಳಿದ ಪುಟ್ಟಿ ಚಿಮಣಿಯೊಳಗಿದ್ದಾಳೆ. ಕೆಳಗೆ ನೀನು "ಇಟ್ಟಿಗೆ ಕಟ್ಟಿ ಮುಚ್ಚಿಬಿಡ್ಲಾ?" ಅಂತ ಬರೆದಿದ್ದೀಯ.

ಬೇಡ. ಮುಚ್ಚಬೇಕು, ನಿಜ. ಆದರೆ ಇಟ್ಟಿಗೆ ಬೇಡ. ಅಲ್ಲಿ ಬೆಕ್ಕಿಗೆ ದಾರಿ ಇರಬಾರದು, ಗಾಳಿಗೆ ಇರಬೇಕು. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಮನೆ, ಹೊಸ ಬೆಕ್ಕು ಇರುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ನೋಡಿ ಬೇಜಾರಾಗಬೇಡ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೋ. ಆ ಚಿಮಣಿಗೆ ಗ್ಯಾಸ್ ಹೀಟರ್ ಅಥವಾ ಬಾಯ್ಲರ್ ಏನಾದರೂ ಸೇರಿಕೊಂಡಿದೆಯಾ? ಒಲೆಯ ಹತ್ತಿರ ತಾಮ್ರದ ಪೈಪಿನ ತುದಿ ಕಂಡರೆ ನೀನು ಕೈ ಹಾಕಬೇಡ. ಗ್ಯಾಸ್ ಸೇಫ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಹೆಸರಿರುವ ಗ್ಯಾಸ್ ಕೆಲಸದವರೇ ಬಂದು ನೋಡಬೇಕು. ಉರಿಯುವ ಗ್ಯಾಸಿನ ಹೊಗೆದಾರಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕೋಣೆಗೇ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಏನೂ ಸೇರಿಲ್ಲ ಅಂತ ಗೊತ್ತಾದ ಮೇಲೆ ಮುಂದಿನದ್ದು ಓದು.

ಬೆಕ್ಕಿಗೆ ಅಲ್ಲಿ ಏನು ಅಷ್ಟು ಆಸೆ ಅಂತ ನಿನಗೆ ಅನ್ನಿಸಬಹುದು. ಮೇಲಿನಿಂದ ಗಾಳಿ ಬರುತ್ತದೆ, ಅದರ ಜೊತೆ ಹೊರಗಿನ ವಾಸನೆ. ಕೊಳವೆಯ ಬಾಯಲ್ಲಿ ಜಾಕ್‌ಡಾ ಕಾಗೆಗಳು ಕೂತು ಮಾತಾಡಿದರೆ ಕೆಳಗೆ ನಿನ್ನ ಕೋಣೆಯಲ್ಲಿ ಕೇಳುತ್ತದೆ. ಇಡೀ ದಿನ ಮನೆಯೊಳಗೇ ಇರುವ ಬೆಕ್ಕಿಗೆ ಇದಕ್ಕಿಂತ ದೊಡ್ಡ ಆಮಿಷ ಇನ್ನೇನಿದೆ?

ಒಂದು ಟಾರ್ಚ್ ತಗೊಂಡು ನೀನೇ ಬಗ್ಗಿ ನೋಡು. ಒಲೆಯ ಮೇಲೆ ದಾರಿ ಕುತ್ತಿಗೆಯ ಹಾಗೆ ಸಣ್ಣದಾಗುತ್ತದೆ. ನಿನ್ನ ಮನೆಯ ಕಾಲದ ಒಲೆಗಳಲ್ಲಿ ಅಲ್ಲೊಂದು ಕಬ್ಬಿಣದ ಮುಚ್ಚಳ ಇರುತ್ತದೆ, ಹಿಂದೆ ಮುಂದೆ ಆಡುವಂಥದ್ದು. ಅದರ ಹಿಂದೆ ಒಂದು ಕಟ್ಟೆ. ಬಿದ್ದ ಮಸಿ, ಕಡ್ಡಿ, ಒಡೆದ ಗಾರೆ ಎಲ್ಲ ಅಲ್ಲೇ ಕೂತಿರುತ್ತದೆ. ಬೆಕ್ಕು ಮೊದಲು ಹತ್ತುವುದು ಆ ಕಟ್ಟೆಗೆ. ಅಲ್ಲಿಂದ ಮೇಲಕ್ಕೆ ಇಟ್ಟಿಗೆಯ ಕೊಳವೆ. ಆ ಕಾಲದ ಮನೆಗಳಲ್ಲಿ ಅದು ಹೆಚ್ಚಾಗಿ 9 ಇಂಚು ಚೌಕ. 9 ಇಂಚು ಕಡಿಮೆ ಅಂತ ನಗಬೇಡ. ಈ ದೇಶದಲ್ಲಿ ಅಂಥ ಕೊಳವೆಗಳೊಳಗೆ ಮಕ್ಕಳನ್ನು ಹತ್ತಿಸಿ ಮಸಿ ತೆಗೆಸುತ್ತಿದ್ದರು. 21 ವರ್ಷದೊಳಗಿನವರನ್ನು ಹತ್ತಿಸಬಾರದು ಅಂತ 1840ರಲ್ಲೇ ಕಾನೂನು ಬಂತು, ಯಾರೂ ಕೇಳಲಿಲ್ಲ. 1875ರಲ್ಲಿ ಕೇಂಬ್ರಿಡ್ಜ್ ಹತ್ತಿರದ ಫುಲ್‌ಬೋರ್ನ್ ಆಸ್ಪತ್ರೆಯ ಚಿಮಣಿಯಲ್ಲಿ ಜಾರ್ಜ್ ಬ್ರೂಸ್ಟರ್ ಅನ್ನುವ ಹುಡುಗ ಸಿಕ್ಕಿಕೊಂಡು ಸತ್ತ. ಅದೇ ವರ್ಷ ಲಾರ್ಡ್ ಶಾಫ್ಟ್ಸ್‌ಬರಿ ಹಟ ಹಿಡಿದು ತಂದ ಕಾನೂನಿನಿಂದ ಆ ಪದ್ಧತಿ ನಿಂತಿತು. ಮಗು ಹೋಗುವಲ್ಲಿ ಪುಟ್ಟಿ ಹೋಗುವುದಿಲ್ಲವೇ?

ಹೋಗುವುದು ಸುಲಭ, ಬರುವುದೇ ಕಷ್ಟ. ಬೆಕ್ಕಿನ ಉಗುರು ಹಿಂದಕ್ಕೆ ಬಾಗಿರುತ್ತದೆ. ಮೇಲೆ ಹತ್ತಲು ಹಿಡಿತ ಸಿಗುತ್ತದೆ, ತಲೆ ಕೆಳಗೆ ಮಾಡಿ ಇಳಿಯಲು ಸಿಗುವುದಿಲ್ಲ. ಅದೂ ಅಲ್ಲದೆ ಕೊಳವೆ ನೇರವಾಗಿರುವುದಿಲ್ಲ. ಮೇಲಿನ ಮಲಗುವ ಕೋಣೆಯ ಒಲೆಯನ್ನು ಸುತ್ತಿಕೊಂಡು ಹೋಗಲು ಅಲ್ಲಲ್ಲಿ ಬಾಗಿರುತ್ತದೆ. ಸಿಕ್ಕಿಕೊಳ್ಳುವುದು ಆ ಬಾಗಿನಲ್ಲಿ. ಹಾಗೇನಾದರೂ ಆದರೆ ಕೂಗಾಡಬೇಡ, ಕೋಲು ಹಾಕಿ ತಿವಿಯಬೇಡ. ಅದು ಇನ್ನೂ ಮೇಲೆ ಹೋಗುತ್ತದೆ. ಕೆಳಗೆ ಮೀನಿನ ಡಬ್ಬಿ ತೆರೆದಿಟ್ಟು, ದೀಪ ಆರಿಸಿ, ಸುಮ್ನೆ ಹೊರಗೆ ಬಂದುಬಿಡು. ಬಾರದಿದ್ದರೆ ಪ್ರಾಣಿಗಳನ್ನು ಕಾಪಾಡುವ ಸಂಸ್ಥೆ ಆರ್‌ಎಸ್‌ಪಿಸಿಎಗೆ ಫೋನ್ ಮಾಡು, ಬೇಕಾದರೆ ಅಗ್ನಿಶಾಮಕದವರನ್ನು ಅವರೇ ಕರೆಸುತ್ತಾರೆ.

ಇನ್ನು ಮಸಿ. ನಮ್ಮೂರ ಅಡುಗೆಮನೆಯ ಇಲ್ಲಣದ ಹಾಗೆ ಬಟ್ಟೆಗೆ ಮೆತ್ತಿದರೆ ಒಗೆದರಾಯಿತು ಅಂದುಕೊಳ್ಳಬೇಡ. ಇದು ಎಷ್ಟೋ ದಶಕಗಳ ಕಲ್ಲಿದ್ದಲಿನ ಮಸಿ. ಚಿಮಣಿ ಗುಡಿಸುವವರಿಗೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. ಕೆಲಸ ಮಾಡಿ ಮೈಗೆ ಅಂಟಿಸಿಕೊಂಡವರ ಕಥೆಯೇ ಹೀಗಾದರೆ, ಬೆಕ್ಕು ಅದನ್ನು ನೆಕ್ಕಿ ನೆಕ್ಕಿ ಹೊಟ್ಟೆಗೇ ಹಾಕಿಕೊಳ್ಳುತ್ತದೆ. ಪುಟ್ಟಿ ಬಿಳಿ ಬೆಕ್ಕು, ನಿನಗೆ ಗೊತ್ತಾಗುತ್ತದೆ. ನಿನ್ನ ಇನ್ನೊಂದು ಬೆಕ್ಕು ಕರಿಯ ಎಷ್ಟು ಸಲ ಹೋಗಿ ಬಂದಿದ್ದಾನೋ ಯಾರಿಗೆ ಗೊತ್ತು? ಒದ್ದೆ ಬಟ್ಟೆಯಲ್ಲಿ ಅವನ ಪಾದ ಒರೆಸಿ ನೋಡು.

ಹಾಗಾಗಿ ಮೊದಲ ಕೆಲಸ ಚಿಮಣಿ ಗುಡಿಸಿಸುವುದು. ಬೆಂಕಿ ಹಾಕದಿದ್ದರೂ ಮಾಡಿಸು. ಅವತ್ತು ಬೆಕ್ಕುಗಳನ್ನು ಬೇರೆ ಕೋಣೆಗೆ ಹಾಕು. ಬಂದವರ ಹತ್ತಿರ ಇನ್ನೆರಡು ವಿಷಯ ಕೇಳು. ಒಲೆಯ ಹಿಂದೆ, ಸುತ್ತ ಹಳೇ ಹಗ್ಗ ಅಥವಾ ಬೂದು ಹಲಗೆ ಇದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧವಾಗಿದ್ದು 1999ರಲ್ಲಿ. ಹಾಗೆಯೇ ಆ ಬಿಳಿ ಬಣ್ಣದ ಅಡಿಯ ಪದರಗಳಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಉಜ್ಜಲು ಹೋಗಬೇಡ, ಆ ಪುಡಿ ನಿನಗೂ ಕೆಟ್ಟದ್ದು, ಬೆಕ್ಕಿಗೂ. ಒಂದು ವೇಳೆ ಮೇಲೆ ಹಕ್ಕಿಯ ಗೂಡಿದ್ದರೆ, ಅದರಲ್ಲಿ ಮೊಟ್ಟೆ ಮರಿ ಇರುವಾಗ ಮುಟ್ಟುವ ಹಾಗಿಲ್ಲ. 1981ರ ವನ್ಯಜೀವಿ ಕಾನೂನಿದೆ. ಈಗ ಅಕ್ಟೋಬರ್, ಖಾಲಿ ಗೂಡು ತೆಗೆಸಲು ಒಳ್ಳೆಯ ಕಾಲ.

ಇಟ್ಟಿಗೆ ಯಾಕೆ ಬೇಡ ಅಂದೆ ಅಂದರೆ, ಈ ಊರುಗಳಲ್ಲಿ ಅದನ್ನು ಸಾವಿರಾರು ಜನ ಮಾಡಿ ನೋಡಿದ್ದಾರೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ದಟ್ಟ ಹೊಗೆಮಂಜು ಕೂತು ಸಾವಿರಾರು ಜನ ಸತ್ತರು. ಆಮೇಲೆ 1956ರ ಶುದ್ಧ ಗಾಳಿ ಕಾನೂನು ಬಂತು. ಜನ ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ, ಕರೆಂಟಿಗೆ ಹೋದರು. ಬೇಡವಾದ ಒಲೆಗಳಿಗೆ ಹಲಗೆ ಹೊಡೆದರು, ಗಾರೆ ಮೆತ್ತಿದರು. ಎಷ್ಟೋ ಮನೆಗಳಲ್ಲಿ ಗಾಳಿಗೆ ಒಂದು ತೂತೂ ಬಿಡಲಿಲ್ಲ. ಮೇಲಿನಿಂದ ಮಳೆ ಬರುತ್ತದೆ, ಇಟ್ಟಿಗೆ ಕುಡಿಯುತ್ತದೆ, ಒಣಗಲು ಗಾಳಿ ಇಲ್ಲ. ಕೊನೆಗೆ ಹಳೇ ಮಸಿಯ ಉಪ್ಪು ಕರಗಿ ಗೋಡೆಯ ಮೇಲೆ ಕಂದು ಕಲೆಯಾಗಿ ಬರುತ್ತದೆ. ಎಷ್ಟು ಬಣ್ಣ ಬಳಿದರೂ ಮತ್ತೆ ಬರುತ್ತದೆ. ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಈಗಲೂ ಇದೆ, ಬಂದಾಗ ತೋರಿಸುತ್ತೇನೆ.

ಏನು ಮಾಡಬೇಕು ಅಂದರೆ, ಮೇಲೆ ಕೊಳವೆಯ ಬಾಯಿಗೆ ಗಾಳಿಯಾಡುವ ಟೋಪಿ ಹಾಕಿಸು, ಹಕ್ಕಿ ಇಳಿಯದ ಹಾಗೆ ಜಾಲರಿ ಇರುವಂಥದ್ದು. ಅದು ಛಾವಣಿ ಕೆಲಸದವರಿಗೆ ಬಿಟ್ಟಿದ್ದು, ನೀನು ಏಣಿ ಹತ್ತಬೇಡ. ಹಕ್ಕಿಯ ಸದ್ದು ನಿಂತರೆ ಬೆಕ್ಕಿನ ಅರ್ಧ ಆಸೆ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಆ ಕಬ್ಬಿಣದ ಮುಚ್ಚಳ. ಮುಚ್ಚಿದ ಮಾತ್ರಕ್ಕೆ ನಂಬಬೇಡ. ಅದು ಬರೀ ತನ್ನ ಭಾರಕ್ಕೆ ಕೂತಿರುತ್ತದೆ, ಬೆಕ್ಕು ತಲೆಯಿಂದ ತಳ್ಳಿದರೆ ತೆರೆಯುತ್ತದೆ. ಹಿಂದೆ ಹೋದ ಮೇಲೆ ತಾನಾಗಿ ಮುಚ್ಚಿಕೊಂಡರಂತೂ ಕಥೆ ಮುಗಿಯಿತು. ಒಂದು ತುಂಡು ತಂತಿ ಹಾಕಿ ಬಿಗಿದು ಕಟ್ಟು.

ಅಂಗಡಿಯಲ್ಲಿ ಚಿಮಣಿ ಬಲೂನ್ ಅಂತ ಸಿಗುತ್ತದೆ, ಒಳಗಿಟ್ಟು ಊದುವುದು. ಚಳಿಗಾಳಿ ತಡೆಯಲು ಅದು ಒಳ್ಳೆಯದೇ. ಆದರೆ ಕರಿಯನ ಉಗುರಿನ ಮುಂದೆ ಎಷ್ಟು ಹೊತ್ತು? ಕುರಿ ಉಣ್ಣೆಯ ದಪ್ಪ ಬಿಲ್ಲೆ ಇನ್ನೊಂದು, ಕಂಬ್ರಿಯಾ ಕಡೆಯ ಹರ್ಡ್‌ವಿಕ್ ಕುರಿಯ ಒರಟು ಉಣ್ಣೆಯದ್ದು. ಅದು ನನಗೆ ಇಷ್ಟ. ಒಡೆಯುವುದಿಲ್ಲ, ಸ್ವಲ್ಪ ಗಾಳಿಯೂ ಆಡುತ್ತದೆ. ಅದಕ್ಕೊಂದು ಹಿಡಿ ಕೆಳಗೆ ಇಳಿಬಿದ್ದಿರುತ್ತದೆ, ಬೆಕ್ಕಿಗೆ ಅದು ಆಟದ ಸಾಮಾನು. ಹಾಗಾಗಿ ಉಣ್ಣೆ ಒಂದೇ ಸಾಲದು, ಮುಂದೆ ಗಟ್ಟಿ ಹಲಗೆಯೂ ಬೇಕು.

ಆ ಹಲಗೆಯೇ ಮುಖ್ಯ. ಒಲೆಯ ಬಾಯಿ ಕಮಾನಿನ ಆಕಾರದಲ್ಲಿದೆ ಅಲ್ವಾ? ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ, ಬಾಯಿಗೆ ಒತ್ತಿ ಹಿಡಿದು, ಅಂಚು ಗೀಚಿ ಕತ್ತರಿಸಿಕೋ. ಸುತ್ತ ಎರಡು ಬೆರಳಿನಷ್ಟು ಜಾಸ್ತಿ ಬಿಡು. ಅದೇ ಅಳತೆಗೆ 12 ಮಿಲಿಮೀಟರ್ ಪ್ಲೈವುಡ್ ಕೊಯ್ಯಿಸು. ಕೆಳಭಾಗದಲ್ಲಿ 9 ಇಂಚು ಅಗಲ, 3 ಇಂಚು ಎತ್ತರದ ಗಾಳಿಕಿಂಡಿ ಕತ್ತರಿಸಿ ಲೋಹದ ಜಾಲರಿ ಸ್ಕ್ರೂ ಮಾಡು. ಜಾಲರಿಯ ಸೀಳುಗಳು ಸಣ್ಣವಿರಲಿ, ಉಗುರು ಸಿಕ್ಕಿಕೊಳ್ಳಬಾರದು. ಹಿಂಬದಿಗೆ ಸೊಳ್ಳೆಬಲೆಯ ತುಂಡು ಹೊಡೆದರೆ ಮಸಿಯೂ ಉದುರುವುದಿಲ್ಲ. ಇನ್ನು ಅದನ್ನು ನಿಲ್ಲಿಸುವುದು ಹೇಗೆ? ಟೈಲಿಗೆ, ಎರಕದ ಕಬ್ಬಿಣಕ್ಕೆ ಡ್ರಿಲ್ ಹಾಕಿದೆಯೋ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ. ಎರಕದ ಕಬ್ಬಿಣಕ್ಕೆ ಅಯಸ್ಕಾಂತ ಹಿಡಿಯುತ್ತದೆ! ನಡುವೆ ತೂತಿರುವ ದೊಡ್ಡ ಅಯಸ್ಕಾಂತಗಳು ಸಿಗುತ್ತವೆ, ಆರು ತಂದು ಹಲಗೆಯ ಹಿಂದೆ ಸ್ಕ್ರೂ ಹಾಕಿ ಬಿಗಿ. ಚಿಕ್ಕವನ್ನು ಅಂಟು ಹಾಕಿ ಕೂರಿಸಬೇಡ. ಕಿತ್ತು ಬಂದು ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನೇ ಒತ್ತಿ ಹಿಡಿಯುತ್ತವೆ. ಹಲಗೆ ಕೂರಿಸಿದ ಮೇಲೆ ಅಂಗೈಯಿಂದ ಜೋರಾಗಿ ತಳ್ಳಿ, ಕೆಳತುದಿ ಹಿಡಿದು ಎಳೆದು ನೋಡು. ಅಲುಗಿದರೆ ಇನ್ನೆರಡು ಸೇರಿಸು. ಹಿಂಬದಿಯಲ್ಲಿ "ಮೇಲೆ ಉಣ್ಣೆ ಇದೆ, ಬೆಂಕಿ ಹಚ್ಚಬೇಡಿ" ಅಂತ ಬರೆದಿಡು. ನಾಳೆ ನೀನು ಮನೆ ಮಾರಬಹುದು.

ಸುಧಾಗೆ ಕ್ರಿಸ್‌ಮಸ್ ಹೊತ್ತಿಗೆ ನಿಜವಾದ ಬೆಂಕಿ ಬೇಕಂತೆ. ಅವಳ ಆಸೆಗೆ ಅಡ್ಡ ಬರಲಾರೆ. ಆದರೆ ನಿಮ್ಮ ಬೀದಿ ಹೊಗೆ ನಿಯಂತ್ರಣ ಪ್ರದೇಶದಲ್ಲಿದೆಯಾ ಅಂತ ಕೌನ್ಸಿಲ್ ಹತ್ತಿರ ಕೇಳು. ಇದ್ದರೆ ತೆರೆದ ಒಲೆಯಲ್ಲಿ ಸೌದೆ ಉರಿಸುವ ಹಾಗಿಲ್ಲ. ಹೊಗೆಯಿಲ್ಲದ ಇಂಧನ, ಕಾರ್ಬನ್ ಮೊನಾಕ್ಸೈಡ್ ಅಲಾರಂ, ಎರಡೂ ಬೇಕು. ಮೂರು ಮಡಿಕೆಯ ಚಂದದ ಪರದೆ ತರಬೇಡ, ಬೆಕ್ಕು ಒರಗಿದರೆ ಬೀಳುತ್ತದೆ. ಮಕ್ಕಳಿರುವ ಮನೆಗೆ ಅಂತ ಮಾಡಿದ, ಮೇಲೂ ಮುಚ್ಚಿದ, ಗೋಡೆಯ ಕೊಕ್ಕೆಗೆ ಸಿಕ್ಕಿಸುವ ಗಾರ್ಡ್ ತಗೋ. ಮಕ್ಕಳ ವಿಷಯದಲ್ಲಿ ಇಲ್ಲಿ 1933ರಿಂದಲೂ ಕಾನೂನಿದೆ. ಸರಿಯಾದ ಕಾವಲಿಲ್ಲದ ಒಲೆಯ ಕೋಣೆಯಲ್ಲಿ ಚಿಕ್ಕ ಮಗುವನ್ನು ಬಿಟ್ಟು, ಅದು ಸುಟ್ಟುಕೊಂಡರೆ ದೊಡ್ಡವರದ್ದೇ ಅಪರಾಧ. ಬೆಕ್ಕಿನ ಪರವಾಗಿ ಯಾರೂ ಅಂಥ ಒಲೆಯ ಕಾನೂನು ಬರೆದಿಲ್ಲ.

ಬಿಸಿ ತಟ್ಟಿದ ಮೇಲಾದರೂ ಬೆಕ್ಕು ದೂರ ಹೋಗುತ್ತದೆ ಅಂತ ನಂಬಬೇಡ. ನಮಗೆ ಚರ್ಮ ಸುಮಾರು 44 ಡಿಗ್ರಿ ಮುಟ್ಟಿದರೆ ನೋಯುತ್ತದೆ. ಬೆಕ್ಕು ಸುಮಾರು 52ರ ತನಕ ಸಹಿಸಿಕೊಂಡು ಕೂರುತ್ತದೆ. ಕೂದಲು ಸೀದ ವಾಸನೆ ನಿನಗೆ ಬರುತ್ತದೆ, ಅದು ಮಾತ್ರ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಬೆಂಕಿ ಆರಿದ ಮೇಲಂತೂ ಇನ್ನೂ ಜೋಪಾನ. ನಮ್ಮ ಮಲೆನಾಡಿನ ಬಚ್ಚಲೊಲೆ ನೆನಪಿದೆಯಲ್ಲ? ಬೆಳಗ್ಗೆ ಬೆಂಕಿ ಹಾಕುವ ಮೊದಲು ಅಜ್ಜಿ ಕೋಲು ಆಡಿಸಿ ಬೆಕ್ಕನ್ನು ಎಬ್ಬಿಸುತ್ತಿದ್ದರು. ಬೆಚ್ಚಗಿನ ಬೂದಿ ಸಿಕ್ಕರೆ ಇಲ್ಲಿಯ ಬೆಕ್ಕೂ ಬಿಡುವುದಿಲ್ಲ, ಮಲಗುತ್ತದೆ, ಕೆರೆದು ಗಲೀಜೂ ಮಾಡುತ್ತದೆ. ಬೂದಿಯ ಅಡಿಯಲ್ಲಿ ಕೆಂಡ ಮರುದಿನವೂ ಜೀವಂತ ಇರಬಹುದು. ಮುಚ್ಚಳವಿರುವ ಲೋಹದ ಬಕೆಟ್ಟಿಗೆ ತುಂಬಿ ಹೊರಗೆ, ಕಲ್ಲಿನ ಮೇಲೆ ಇಡು. ರಾತ್ರಿ ಆ ಕೋಣೆಯ ಬಾಗಿಲು ಹಾಕು. ಬೆಂಕಿ ಹಚ್ಚಲು ಬಳಸುವ ಬಿಳಿ ತುಂಡುಗಳಲ್ಲಿ ಸೀಮೆಎಣ್ಣೆ ಇರುತ್ತದೆ, ಅವನ್ನು ಕಪಾಟಿನೊಳಗಿಡು.

ಇನ್ನೊಂದು, ಜನ ಮರೆಯುವುದು ಇದನ್ನೇ. ಆ ಕಬ್ಬಿಣದ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸು. ಗೋಡೆಗೆ ಸ್ಕ್ರೂ ಆಗಿರದೆ ಬರೀ ಗಾರೆಯ ಆಸರೆಯಲ್ಲಿ ನಿಂತಿದ್ದರೆ ಅದು ಮುಂದಕ್ಕೆ ಬೀಳಬಹುದು. ಆ ಭಾರಕ್ಕೆ ಬೆಕ್ಕಲ್ಲ, ಮನುಷ್ಯರೂ ಉಳಿಯುವುದಿಲ್ಲ. ಅಲುಗಿದರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ಕಟ್ಟಿಸು. ಮೇಲಿನ ಹಲಗೆಯ ಮೇಲೆ ಕನ್ನಡಿ ಒರಗಿಸಿಟ್ಟಿದ್ದೀಯ, ಅದಕ್ಕೂ ಗೋಡೆಗೆ ಕೊಕ್ಕೆ ಬೇಕು. ಪಕ್ಕದಲ್ಲಿ ಹೂದಾನಿಯಲ್ಲಿ ಇರುವುದು ಲಿಲ್ಲಿ ತಾನೇ? ಇವತ್ತೇ ಮನೆಯಿಂದ ಹೊರಗೆ ಹಾಕು. ಅದರ ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಹಾಳು ಮಾಡುತ್ತದೆ. ಚಿಮಣಿಗಿಂತ ಅವಸರದ್ದು ಅದು.

ಗುಡಿಸುವವರು ಯಾವತ್ತು ಬರುತ್ತಾರೆ ಅಂತ ತಿಳಿಸು. ಅದರ ಮುಂದಿನ ಶನಿವಾರ ನಾನು ಬರುತ್ತೇನೆ. ಡ್ರಿಲ್, ಗರಗಸ ನನ್ನದು, ಪ್ಲೈವುಡ್ ನಿನ್ನದು. ರಟ್ಟು ಕತ್ತರಿಸಿ ಅಳತೆಯ ಫೋಟೋ ಮೊದಲೇ ಕಳಿಸಿದರೆ ಅಯಸ್ಕಾಂತ ನಾನೇ ತರಿಸುತ್ತೇನೆ. ಅಲ್ಲಿಯ ತನಕ ಪ್ಲೈವುಡ್ ಬದಲು ನಿನ್ನ ಇನ್ನೂ ಬಿಚ್ಚದ ಪುಸ್ತಕದ ಪೆಟ್ಟಿಗೆಗಳನ್ನು ಒಲೆಯ ಬಾಯಿಗೆ ಒಂದರ ಮೇಲೊಂದು ಜೋಡಿಸು. ಅವು ಸಾಕಷ್ಟು ಭಾರ ಇವೆ ಅಂತ ಸಾಗಿಸಿದ ನನ್ನ ಸೊಂಟಕ್ಕೆ ಗೊತ್ತು.

ಸುಧಾಗೆ ನಮಸ್ಕಾರ ಹೇಳು.

ನಿನ್ನ,
ಸುರೇಶ