ಬೋರ್ ನೀರು ಬೀದಿ ಲೈನಿಗೆ ಹೋಗದಂಗೆ ನೋಡ್ಕೊಳ್ಳೋದು ಯಾರ ಕೆಲಸ?

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರುವಾದ್ರೆ ಸಾಕು, ನಲ್ಲಿ ನೀರು ಕೆಂಪಗೆ ಬರುತ್ತೆ ವಾಸನೆ ಬರುತ್ತೆ ಅಂತ ಪತ್ರ ಬರೆಯೋರು ಜಾಸ್ತಿ, ಎಲ್ಲದ್ರಲ್ಲೂ ಬೈಗುಳ ಮಾತ್ರ ನೀರು ಬಿಡೋರಿಗೆ. ಬೈಬೇಕಾದ್ದಕ್ಕೆ ಬೈಯೋಣ, ಬೇಡ ಅನ್ನಲ್ಲ. ಆದ್ರೆ ಯಗಚಿ ಹೊಳೆಯಿಂದಲೋ ಹಿರೇಕೊಳಲೆ ಕೆರೆಯಿಂದಲೋ ಬಂದು ಫಿಲ್ಟರ್ ಆಗಿ ಕ್ಲೋರಿನ್ ಹಾಕ್ಸಿಕೊಂಡು ಬರೋ ನೀರಿಗೆ ನಮ್ಮನೆ ಪೈಪಿಂದಲೂ ಗಲೀಜು ವಾಪಸ್ ಹೋಗಬಹುದು, ಇದನ್ನ ಯಾರೂ ಬರೆಯಲ್ಲ.

ನಾನು ಚಿಕ್ಕಮಗಳೂರಲ್ಲಿ ಪ್ಲಂಬಿಂಗ್ ಸಾಮಾನಿನ ಅಂಗಡಿ ಇಟ್ಕೊಂಡಿರೋನು. ಊರಲ್ಲಿ ಸುಮಾರು ಮನೆಗಳಲ್ಲಿ ಬೋರ್ ಪೈಪನ್ನೂ ನಲ್ಲಿ ಪೈಪನ್ನೂ ಒಂದು ಟೀ (ಮೂರು ಬಾಯಿ ಇರೋ ಜಾಯಿಂಟು) ಹಾಕಿ ಸೇರಿಸಿ ಮಧ್ಯ ಒಂದು ಗೇಟ್‌ವಾಲ್ ಇಟ್ಟಿರ್ತಾರೆ, ನಲ್ಲಿ ನೀರು ಬಂದಾಗ ಇದನ್ನ ತೆಗಿ, ಬರದಿದ್ರೆ ಮುಚ್ಚು ಅಂತ. ನಾಲ್ಕೈದು ವರ್ಷ ಆದ್ಮೇಲೆ ಆ ವಾಲ್ ಬಿಚ್ಚಿ ನೋಡಿ, ಒಳಗಿನ ತಟ್ಟೆ ಮೇಲೆ ಸುಣ್ಣ ಕಟ್ಟಿ ಪೂರ್ತಿ ಕೂರೋದೇ ಇಲ್ಲ, ಹಿಡಿ ಮಾತ್ರ ಟೈಟಾಗಿ ನಿಂತಿರುತ್ತೆ. ಬೋರ್ ಮೋಟ್ರು ಹಾಕಿದ ತಕ್ಷಣ ಆ ನೀರು ಮೀಟರ್ ದಾಟಿ ಬೀದಿ ಲೈನಿಗೆ ನುಗ್ಗುತ್ತೆ. ಪಕ್ಕದ ಮನೆ ಅಜ್ಜಿ ನಲ್ಲಿ ತಿರುಗ್ಸಿ ಬಿಂದಿಗೆ ತುಂಬ್ಕೊಳ್ಳೋದು ಅದನ್ನೇ.

ಇದು ಒತ್ತಿ ಕಳ್ಸೋ ಕತೆ, ಎಳ್ಕೊಂಡು ಹೋಗೋ ಕತೆ ಬೇರೆ ಇದೆ. ನೀರು ಬಿಡೋರು ಬೀದಿ ವಾಲ್ ನಿಲ್ಲಿಸಿದ ಮೇಲೆ ಲೈನು ಖಾಲಿಯಾಗ್ತಾ ಪ್ರೆಶರ್ ಬೀಳುತ್ತೆ, ಅದೇ ಟೈಮಲ್ಲಿ ಯಾರೋ ನಲ್ಲಿಗೆ ನೇರ ಮೋಟ್ರು ಕಟ್ಟಿ ಎಳೀತಿದ್ರೆ ಮುಗೀತು, ಚರಂಡಿ ಪಕ್ಕದ ಒಡೆದ ಜಾಯಿಂಟಿಂದ ಕೊಳಚೆ ಒಳಗೆ ಬರುತ್ತೆ, ಇನ್ಯಾರೋ ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕಲಸಿದ ಡ್ರಮ್ಮಲ್ಲಿ ಪೈಪ್ ಮುಳುಗ್ಸಿ ಕಾಫಿಗೆ ಹೋಗಿದ್ರೆ ಆ ನೀಲಿ ನೀರೂ ಹಿಂದಕ್ಕೆ ಹೋಗುತ್ತೆ.

ಅಮೆರಿಕದ ಎಷ್ಟೋ ಊರುಗಳಲ್ಲಿ ಇದಕ್ಕೆ ಅಂತಲೇ ಕಾನೂನಿದೆ. ಅಂಗಡಿ, ಫ್ಯಾಕ್ಟರಿ, ಲಾನಿಗೆ ನೀರು ಹಾಯಿಸೋ ಸ್ಪ್ರಿಂಕ್ಲರ್ ಇರೋ ಮನೆ, ಇವ್ರೆಲ್ಲ ನೀರು ವಾಪಸ್ ಹೋಗದ ಡಿವೈಸ್ ಸ್ವಂತ ಖರ್ಚಲ್ಲಿ ಹಾಕ್ಸಿ, ವರ್ಷಕ್ಕೊಂದ್ಸಲ ಲೈಸೆನ್ಸ್ ಇರೋ ಟೆಸ್ಟರ್ ಕೈಲಿ ಚೆಕ್ ಮಾಡ್ಸಿ ರಿಪೋರ್ಟ್ ಕೊಡ್ಬೇಕು. ಕೆಲವು ಕಡೆ ಊರಾಡಳಿತ ಇದರ ಲೆಕ್ಕ ಇಡೋಕೆ ಅಂತ ಬೇರೆ ಫೀಸೂ ಹಾಕುತ್ತೆ, ರಿಪೋರ್ಟ್ ಕೊಡದಿದ್ರೆ ಕನೆಕ್ಷನ್ ಕಟ್. ಅವ್ರೂ ಪೆಟ್ಟು ತಿಂದೇ ಬುದ್ಧಿ ಕಲಿತಿದ್ದು, 1933ರಲ್ಲಿ ಶಿಕಾಗೋದ ದೊಡ್ಡ ವಸ್ತುಪ್ರದರ್ಶನದ ಟೈಮಲ್ಲಿ ಎರಡು ಹೋಟೆಲಿನ ಹಳೇ ಪೈಪುಗಳಲ್ಲಿ ಕೊಳಚೆ ಕುಡಿಯೋ ನೀರಿಗೆ ಸೇರಿ ಆಮಶಂಕೆಯಿಂದ 98 ಜನ ಸತ್ತಿದ್ರು.

ಹಾಗಂತ ಇಲ್ಲೂ ಎಲ್ಲಾ ಮನೆ ನೀರಿನ ಬಿಲ್ಲಿಗೆ ಇನ್ನೊಂದು ಫೀಸ್ ಸೇರ್ಸಿ ಅಂತ ನಾನು ಹೇಳಲ್ಲ. ನಲ್ಲಿ ನೀರು ಸಂಪಿಗೆ ಮಾತ್ರ ಬೀಳೋ ಮನೆಗೆ ಡಿವೈಸೇ ಬೇಡ, ಸಂಪಿಗೆ ನೀರು ಬೀಳೋ ಪೈಪಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಮೇಲಿದ್ರೆ ಆಯ್ತು. ಲೆಕ್ಕ ಏನಪ್ಪ ಅಂದ್ರೆ ಪೈಪಿನ ಅಗಲದ ಎರಡರಷ್ಟು ಗ್ಯಾಪು, ಅರ್ಧ ಇಂಚಿನ ಪೈಪಿಗೆ ಒಂದಿಂಚು. ಖಾಲಿ ಜಾಗ ದಾಟಿ ನೀರು ಮೇಲಕ್ಕೆ ಹೋಗಲ್ಲ, ಹೋಗೋಕೆ ದಾರಿನೇ ಇಲ್ಲ. (ನೀರು ವಾಪಸ್ ಹೋಗದಂಗೆ ತಡೆಯೋ ಎನ್‌ಆರ್‌ವಿ ವಾಲ್ ಮಾರೋನು ನಾನೇ, ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ಕೊಂಡಂಗಾಯ್ತು, ಇರ್ಲಿ.) ಸಂಪಿನ ಮುಚ್ಚಳ ತೆಗೆದು ಒಂದ್ಸಲ ನೋಡೋಕೆ ಯಾವ ಇಂಜಿನಿಯರೂ ಬೇಕಾಗಿಲ್ಲ.

ಫೀಸ್ ಹಾಕೋದಿದ್ರೆ ವಾಟರ್ ಸರ್ವಿಸ್ ಸ್ಟೇಷನ್ನು, ಲಾಡ್ಜು, ಲ್ಯಾಬು, ನರ್ಸಿಂಗ್ ಹೋಮು, ಬೋರ್ ಮತ್ತೆ ನಲ್ಲಿ ಎರಡನ್ನೂ ಒಂದೇ ಪೈಪಿಗೆ ಸೇರಿಸಿರೋ ಹೋಮ್‌ಸ್ಟೇ, ಇಂಥವ್ರಿಗೆ ಹಾಕ್ಲಿ, ಟ್ರೇಡ್ ಲೈಸೆನ್ಸ್ ರಿನ್ಯೂ ಮಾಡೋವಾಗಲೇ ಪೈಪ್ ನೋಡಿ ಸರ್ಟಿಫಿಕೇಟ್ ಕೊಡ್ಲಿ. ಆದ್ರೆ ದುಡ್ಡು ತಗೊಂಡ ಮೇಲೆ ಒಬ್ರು ಬಂದು ನಿಜವಾಗ್ಲೂ ವಾಲ್ ಬಿಚ್ಚಿ ನೋಡ್ಬೇಕು, ಬರೀ ರಸೀದಿ ಹರಿದು ಕೊಟ್ಟು ಹೋದ್ರೆ ಅದು ಇನ್ನೊಂದು ತೆರಿಗೆ ಅಷ್ಟೆ. ಮಾಮೂಲಿ ಮನೆಗಳಿಗೆ ಹೊಸ ಕನೆಕ್ಷನ್ ಕೊಡೋ ದಿನ ಮೀಟರ್ ಕೂರ್ಸೋರೇ ಬೋರ್ ಪೈಪ್ ಜಾಯಿಂಟ್ ಇದೆಯಾ ನೋಡಿದ್ರೆ ಸಾಕು. ನೇರ ಮೋಟ್ರು ಕಟ್ಟೋರಿಗೆ ಮಾತ್ರ ಯಾವ ರಿಯಾಯ್ತಿನೂ ಬೇಡ, ಮೋಟ್ರು ಬಿಚ್ಕೊಂಡು ಹೋಗ್ಲಿ, ದಂಡ ಕಟ್ಟಿ ಬಿಡಿಸ್ಕೊಳ್ಳಲಿ.

ಒಬ್ಬ ಓದುಗ, ಕಲ್ಯಾಣನಗರ, ಚಿಕ್ಕಮಗಳೂರು